ಮಿಡತೆಯ ಅಳತೆ

ಆಗಸ್ಟ್ 4, ಸೋಮವಾರ

ವಿಶ್ವ ಕೂಟಕ್ಕೆ ತಂಡ ಪ್ರಕಟವಾಯಿತು. ಐದು ಜನ. ನಾನು ಆರನೆಯವನು.

ಕೋಚ್ ಇದನ್ನು ಹೇಳಿದ್ದು ಬಟ್ಟೆ ಬದಲಿಸುವ ಕೋಣೆಯ ಹೊರಗೆ, ನೆಲ ಒರೆಸುವ ಬಕೆಟ್ ಪಕ್ಕ ನಿಂತು. "ನೀನು ರಿಸರ್ವ್ ಕಣಯ್ಯಾ. ಅನುಭವ ಇರೋನೊಬ್ಬ ಜೊತೆಗಿರ್ಬೇಕು," ಅಂದರು. ಅನುಭವ ಎಂದರೆ ವಯಸ್ಸು. ನನಗೆ ಮೂವತ್ತೊಂದು. ಬೇರೆ ಕೆಲಸದಲ್ಲಿ ಈ ವಯಸ್ಸಿಗೆ ಬಡ್ತಿ ಕೊಡುತ್ತಾರೆ. ಜಿಮ್ನಾಸ್ಟಿಕ್ಸ್‌ನಲ್ಲಿ "ಅಯ್ಯೋ, ಇನ್ನೂ ಆಡ್ತಿದ್ದೀರಾ?" ಎಂದು ಕೇಳುತ್ತಾರೆ.

ರಿಸರ್ವ್ ಆಗಿ ಹಿಂದೆ ಎರಡು ಸಲ ವಿಶ್ವ ಕೂಟಕ್ಕೆ ಹೋಗಿದ್ದೇನೆ. ಎರಡು ಸಲವೂ ಸೂಟ್‌ಕೇಸಿನ ಹಾಗೆ ಹೋಗಿ ಸೂಟ್‌ಕೇಸಿನ ಹಾಗೆ ಬಂದಿದ್ದೇನೆ. ನನಗೆ ಪದಕ ಗಿದಕ ಬೇಡ. ಅಲ್ಲಿ ಒಂದೇ ಒಂದು ಸಲ ತೀರ್ಪುಗಾರರ ಎದುರು ನಿಂತು ಬಲಗೈ ಎತ್ತಬೇಕು. ಆಟ ಶುರು ಮಾಡುವ ಮುಂಚೆ ಹಾಗೆ ಎತ್ತಬೇಕೆಂಬುದು ನಿಯಮ. ಕೈ ಎತ್ತಿದವನ ಹೆಸರು ಫಲಿತಾಂಶದಲ್ಲಿ ಬರುತ್ತದೆ. ಎತ್ತದವನ ಹೆಸರು ಹೋಟೆಲಿನವರಿಗೆ ಮಾತ್ರ ಗೊತ್ತಿರುತ್ತದೆ.

ಐದನೆಯ ಜಾಗ ಹೋಗಿದ್ದು ಆ ಇಪ್ಪತ್ತು ವರ್ಷದ ಹುಡುಗನಿಗೆ. ಎಲ್ಲರೂ ಮಿಡತೆ ಎನ್ನುತ್ತಾರೆ. ಕಾಲು ಉದ್ದ, ಮೈಯಲ್ಲಿ ಮಾಂಸವಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ನನಗೆ ಅವನ ಮೇಲೆ ಏನೂ ಸಿಟ್ಟಿಲ್ಲ. ಹಾಳಾಗಿ ಹೋಗಲಿ.

ಆಗಸ್ಟ್ 6

ರಿಸರ್ವ್‌ನ ಕೆಲಸ ಏನೆಂದು ಇವತ್ತು ತಿಳಿಯಿತು. ಮಿಡತೆ ಪ್ಯಾರಲಲ್ ಬಾರ್ಸ್ ಹತ್ತುವ ಮುಂಚೆ ಅವನಿಗೆ ನಾನು ಬಾರ್ ಸಿದ್ಧ ಮಾಡಿಕೊಡಬೇಕಂತೆ. ಕೋಚ್ ತಾವೇ ಮಾಡುತ್ತಿದ್ದರು. ಆದರೆ ಮೂವತ್ತು ವರ್ಷ ಕೈ ಜಾರದಿರಲು ಹಚ್ಚುವ ಬಿಳಿ ಪುಡಿಯಲ್ಲೇ ಮುಳುಗಿದ್ದವರಿಗೆ ಈಗ ಪುಡಿ ಮುಟ್ಟಿದರೆ ಅಂಗೈ ಬಿರಿದು ರಕ್ತ ಬರುತ್ತದೆ. ಚರ್ಮದ ಡಾಕ್ಟರು ಕೈ ಹಾಕಲೇಬೇಡಿ ಅಂದಿದ್ದಾರೆ.

"ಅವನ ಬಾರ್ ಅವನೇ ಮಾಡ್ಕೊಳ್ಳಲಿ," ಅಂದೆ.

"ಅವನಿಗೆ ಬರಲ್ಲ ಮಾರಾಯ. ಒಂದಿನ ಅಂಟಾಗಿ ಕೂತಿರ್ತಾನೆ, ಒಂದಿನ ಜಾರಿ ಬಿದ್ದಿರ್ತಾನೆ. ನಿನ್ನ ಕೈ ಹದ ಯಾರಿಗೂ ಬರಲ್ಲ."

ಹೊಗಳಿ ಅಟ್ಟಕ್ಕೇರಿಸಿ ಏಣಿ ಎಳೆದುಕೊಳ್ಳುವುದರಲ್ಲಿ ಕೋಚ್‌ದು ಎತ್ತಿದ ಕೈ. ಆಗಲಿ ಅಂದೆ. ಬೇಡವೆಂದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೊಟ್ಟೆಕಿಚ್ಚೇ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಅದನ್ನು ಅವರ ಬಾಯಲ್ಲಿ ಕೇಳುವ ದರ್ದು ನನಗಿಲ್ಲ.

ಆಗಸ್ಟ್ 10, ಭಾನುವಾರ

ಮಾವ ಬಂದಿದ್ದರು. ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಮದುವೆಯ ದಿನದಿಂದ ಅವರದು ಒಂದೇ ಜೋಕು: "ನಮ್ಮ ಅಳಿಯ ಬೆಳಗಾದ್ರೆ ಬಾರಲ್ಲಿರ್ತಾನೆ." ನಕ್ಕೆ. ನಗದಿದ್ದರೆ ಕೇಳಿಸಲಿಲ್ಲವೆಂದುಕೊಂಡು ಇನ್ನೊಮ್ಮೆ ಹೇಳುತ್ತಾರೆ.

"ಬಾರ್ ಸಿದ್ಧ ಮಾಡೋದು ಅಂದ್ರೇನಪ್ಪಾ? ಅದು ಅಲ್ಲೇ ನಿಂತಿರುತ್ತಲ್ಲ?" ಎಂದು ಕೇಳಿದರು.

ಊಟದ ಮೇಜಿನ ಮೇಲೆ ಎರಡು ಸೌಟು ಪಕ್ಕಪಕ್ಕ ಇಟ್ಟು ತೋರಿಸಿದೆ. ತಲೆಯ ಮಟ್ಟದಲ್ಲಿ ಎರಡು ಮರದ ಕೋಲು. ಅವುಗಳ ನಡುವಿನ ಅಂತರ ಅವರವರ ಭುಜಕ್ಕೆ ತಕ್ಕಂತೆ ಇರಬೇಕು. ಅದಕ್ಕೆ ಟೇಪು ಬೇಡ. ಒಂದು ಕೋಲಿಗೆ ಮೊಣಕೈ ಒತ್ತಿ ಇನ್ನೊಂದರ ಕಡೆಗೆ ಕೈ ಚಾಚುವುದು. ನನ್ನ ನಡುಬೆರಳಿನ ತುದಿ ಆ ಕೋಲಿಗೆ ತಾಗಿದರೆ ಅದು ನನ್ನ ಅಳತೆ. ಮೀಸೆ ಬಂದಾಗಿನಿಂದ ಇದು ಬದಲಾಗಿಲ್ಲ. ಮಿಡತೆಯ ಭುಜ ಸಣ್ಣದು. ಅವನಿಗೆ ಇಡುವಾಗ ನನ್ನ ನಡುಬೆರಳಿನ ತುದಿ ಮಡಚಿಕೊಂಡು ಮೊದಲ ಗೆಣ್ಣು ಕೋಲಿಗೆ ತಾಗಬೇಕು. ಅಂದರೆ ಒಂದು ಗೆಣ್ಣಿನಷ್ಟು ಕಿರಿದು.

ಆಮೇಲೆ ಕೋಲಿಗೆ ನೀರು, ಅದರ ಮೇಲೆ ಜೇನು, ಅದರ ಮೇಲೆ ಪುಡಿ. ಜೇನು ಹೆಚ್ಚಾದರೆ ಅಂಗೈ ಅಂಟಿಕೊಂಡು ಭುಜ ಕಿತ್ತುಬರುತ್ತದೆ. ಕಡಿಮೆಯಾದರೆ ಮನುಷ್ಯನೇ ಕಿತ್ತುಹೋಗುತ್ತಾನೆ.

"ಒಂದು ಗೆಣ್ಣು ಆಚೀಚೆ ಆದ್ರೆ ಏನೀಗ?" ಅಂದರು ಮಾವ.

"ಲಿಫ್ಟಿನ ಬಾಗಿಲು ಒಂದು ಗೆಣ್ಣು ಆಚೀಚೆ ಆದ್ರೆ ಏನಾಗುತ್ತೆ?"

ಮಾವ ಸೌಟುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವನ್ನು ಸ್ವಲ್ಪ ಹತ್ತಿರ ಸರಿಸಿದರು.

ಆಗಸ್ಟ್ 14

ಮಿಡತೆಗೆ ಜೇನು ಕೊಟ್ಟಿಲ್ಲ. ಸ್ಟೋರಿನಲ್ಲಿದ್ದ ಸಕ್ಕರೆ ಪಾಕ ಹಚ್ಚಿದೆ. ಅದೂ ನಿಯಮದ ಪ್ರಕಾರ ಸರಿಯೇ, ಅರ್ಧ ಪ್ರಪಂಚ ಅದನ್ನೇ ಹಚ್ಚುತ್ತದೆ. ನನ್ನ ಜೇನು ಮನೆಯದು, ನನಗೆ ಮಾತ್ರ.

ಅವನಿಗೆ ಅಂಗೈ ತುಂಬ ಬೆವರು. ನನ್ನನ್ನು "ಸಾರ್" ಎನ್ನುತ್ತಾನೆ. ಕೇಳಿದರೆ ನಾನೇನೋ ಬ್ಯಾಂಕಿನಲ್ಲಿ ಕೆಲಸ ಮಾಡುವವನ ಹಾಗೆ ಅನ್ನಿಸುತ್ತದೆ.

ಕೊನೆಗೆ ಕೋಲು ಬಿಟ್ಟು ಗಾಳಿಯಲ್ಲಿ ಎರಡು ಪಲ್ಟಿ ಹೊಡೆದು ನೆಲಕ್ಕೆ ಇಳಿಯಬೇಕಲ್ಲ, ಆ ಇಳಿತದಲ್ಲಿ ಅವನದೊಂದು ತಪ್ಪಿದೆ. ನೆಲ ಎಲ್ಲಿದೆ ಎಂದು ಅವಸರದಲ್ಲಿ ಹುಡುಕುತ್ತಾನೆ. ತಲೆ ಬೇಗ ತಿರುಗುತ್ತದೆ, ಸೊಂಟ ಬಿಚ್ಚಿಕೊಳ್ಳುತ್ತದೆ. ಕೋಚ್‌ಗೆ ಕಾಣುವುದಿಲ್ಲ, ಅವರು ನಿಲ್ಲುವ ಜಾಗ ಬೇರೆ. ನನಗೆ ಕಾಣುತ್ತದೆ. ಹೇಳಲಿಲ್ಲ. ನನಗ್ಯಾಕೆ ಊರ ಉಸಾಬರಿ?

ಅವನು ಬೀಳಲಿ ಎಂದುಕೊಂಡೆ. ಬಿದ್ದ. ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಮ್ಯಾಟ್ ಸರಿ ಮಾಡಿ ಮನೆಗೆ ಬಂದೆ.

ಆಗಸ್ಟ್ 22

ಭುಜ ನೋವು. ಬೇರೇನಿಲ್ಲ.

ಆಗಸ್ಟ್ 27

ಇವತ್ತು ಅವನಿಗೆ ಹೇಳಿಬಿಟ್ಟೆ. ಪ್ರೀತಿಯಿಂದಲ್ಲ. ಅವನು ಬಿದ್ದಾಗಲೆಲ್ಲ ಕೋಲಿಗೆ ಮೈ ಉಜ್ಜಿ ನಾನು ಹಚ್ಚಿದ್ದೆಲ್ಲ ಕಿತ್ತುಹೋಗುತ್ತದೆ. ಮತ್ತೆ ಮೊದಲಿನಿಂದ ಹಚ್ಚಬೇಕು. ನನ್ನ ಶ್ರಮ ಉಳಿಸಿಕೊಳ್ಳಲು ಹೇಳಿದೆ.

"ನೆಲ ಹುಡುಕ್ಬೇಡ್ವೋ. ಅದೆಲ್ಲೂ ಓಡಿ ಹೋಗಲ್ಲ, ಅಲ್ಲೇ ಇರುತ್ತೆ. ಎರಡನೇ ಪಲ್ಟಿ ಮುಗಿಯೋವರೆಗೂ ಮಂಡಿ ನೋಡ್ತಿರು."

"ಮಂಡಿ ನೋಡ್ತಿದ್ರೆ ನೆಲ ಬಂದಿದ್ದು ಹೇಗೆ ಗೊತ್ತಾಗುತ್ತೆ ಸಾರ್?"

"ಬಂದಾಗ ಗೊತ್ತಾಗುತ್ತೆ, ಯೋಚನೆ ಮಾಡ್ಬೇಡ."

ಮೂರನೆಯ ಸಲಕ್ಕೆ ಕಾಲೂರಿ ನಿಂತ. ಕಂಬ ಹುಗಿದ ಹಾಗೆ. ತಾನೇ ನಂಬಲಾರದೆ ನನ್ನ ಕಡೆ ತಿರುಗಿ, "ಅಣ್ಣಾ!" ಎಂದು ಕಿರುಚಿದ. ಕೋಚ್ ಸಹ ತಿರುಗಿ ನೋಡಿದರು. ನಾನು ಶೂ ಲೇಸು ಕಟ್ಟುತ್ತಿರುವವನ ಹಾಗೆ ಬಗ್ಗಿದೆ. ನಾವು ಶೂ ಹಾಕುವುದಿಲ್ಲ.

ಸಕ್ಕರೆ ಪಾಕ ಅವನ ಬೆವರಿಗೆ ತಡೆಯುವುದಿಲ್ಲ. ನಾಳೆ ಒಂದು ದಿನದ ಮಟ್ಟಿಗೆ ಜೇನು ಹಚ್ಚಿ ನೋಡಬೇಕು.

ಸೆಪ್ಟೆಂಬರ್ 7, ಭಾನುವಾರ

ಹೆಂಡತಿ ಹಲ್ಲಿನ ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ಬಾಯಿ ಬಿಡಿಸಿ ಬರುವವಳು, ಮನೆಯಲ್ಲಿ ನನ್ನ ಬಾಯಿ ಮುಚ್ಚಿಸುತ್ತಾಳೆ.

"ಈ ಮನೇಲಿ ಜೇನು ತಿನ್ನೋರು ಯಾರೂ ಇಲ್ಲ. ಹೋದ ವಾರ ತಂದ ಬಾಟ್ಲಿ ಎಲ್ಲಿ?"

"ಬಾರಿಗೆ ಹಚ್ಚಿದೆ."

"ಮೊದಲು ಒಂದು ಬಾಟ್ಲಿ ತಿಂಗಳುಗಟ್ಟಲೆ ಬರ್ತಿತ್ತಲ್ಲ."

ಮಿಡತೆಯ ಅಂಗೈ ಬೆವರಿನ ವಿಷಯ ವಿವರಿಸಿದೆ. ಅವನಿಗೆ ನೀರು ಕಡಿಮೆ, ಜೇನು ಹೆಚ್ಚು, ಪುಡಿ ಎರಡು ಸಲ. ಹಾಗೆಯೇ ಅವನ ಸೊಂಟದ ಬಗ್ಗೆಯೂ ಹೇಳಿದೆ, ಎಡಗೈಗಿಂತ ಬಲಗೈ ಮೊದಲು ಬಿಡುವ ಚಾಳಿಯ ಬಗ್ಗೆಯೂ ಹೇಳಿದೆ. ಊಟ ಮುಗಿದಾಗ ಅವಳು ತಟ್ಟೆ ಎತ್ತುತ್ತ, "ನಿಮ್ಮ ಭುಜ ಹೇಗಿದೆ?" ಎಂದು ಕೇಳಿದಳು.

ಯೋಚಿಸಬೇಕಾಯಿತು. "ಇದೆ," ಅಂದೆ.

ಅವಳು ನನ್ನ ಮುಖ ನೋಡಿದಳು. ಹೆಂಗಸರು ಸುಮ್ಮನೆ ಹಾಗೆ ನೋಡುವುದುಂಟು.

ಸೆಪ್ಟೆಂಬರ್ 19

ಕೂಟಕ್ಕೆ ಮುಂಚಿನ ಕೊನೆಯ ಪರೀಕ್ಷೆ. ಹೊರಗಿನಿಂದ ತೀರ್ಪುಗಾರರನ್ನು ಕರೆಸಿದ್ದರು.

ಮಿಡತೆ ಶುರುವಿನಲ್ಲಿ ತಡವರಿಸಿದ. ಕೈಮೇಲೆ ನಿಲ್ಲುವಾಗ ಕಾಲ್ಬೆರಳು ಸಡಿಲವಾಗಿತ್ತು, ಅದು ಹೆದರಿಕೆಗೆ ಆಗುವುದು. ಆಮೇಲೆ ಲಯ ಸಿಕ್ಕಿತು. ನಡುವಿನ ದೊಡ್ಡ ತೂಗು ಬಂದಾಗ ನಾನು ಉಸಿರು ಹಿಡಿದಿದ್ದೆನಂತೆ, ಪಕ್ಕದಲ್ಲಿದ್ದ ಫಿಸಿಯೋ ಬೆನ್ನಿಗೊಂದು ಗುದ್ದಿದಳು. ಇಳಿತದಲ್ಲಿ ನಾವು ತಲೆ ತಿರುಗಿಸಲಿಲ್ಲ. ಮಂಡಿಯನ್ನೇ ನೋಡಿದೆವು. ಒಂದು ಸಣ್ಣ ಹೆಜ್ಜೆ ಮುಂದೆ ಬಿತ್ತು, ಅಷ್ಟೇ. ಇನ್ನು ಎರಡು ವಾರದಲ್ಲಿ ಆ ಹೆಜ್ಜೆಯೂ ಹೋಗುತ್ತದೆ. ಬಲಗೈ ಬೇಗ ಬಿಡುವುದು ಇನ್ನೂ ಇದೆ, ಆದರೆ ಈಗ ಅದನ್ನು ಮುಟ್ಟಬಾರದು. ಕೂಟದ ಎದುರಿಗೆ ಅದನ್ನು ತಿದ್ದಲು ಹೋದರೆ ಉಳಿದದ್ದೂ ಕೆಡುತ್ತದೆ. ಕೋಚ್‌ಗೂ ಹಾಗೇ ಹೇಳಿದೆ. ಒಪ್ಪಿದರು.

ನಾನೂ ಮಾಡಿದೆ. ಚೆನ್ನಾಗಿತ್ತು.

ಅಕ್ಟೋಬರ್ 13

ತಲುಪಿದೆವು. ಹೋಟೆಲಿನಲ್ಲಿ ನಾನು, ಮಿಡತೆ ಒಂದೇ ಕೋಣೆ. ಕಿಟಕಿ ತೆರೆದರೆ ಪಾರ್ಕಿಂಗ್ ಜಾಗ. ಹಿಂದಿನ ಎರಡು ಸಲವೂ ಪಾರ್ಕಿಂಗ್ ಜಾಗವೇ ಕಂಡಿತ್ತು. ಪ್ರಪಂಚ ನೋಡಿದ್ದೀರಾ ಎಂದು ಯಾರಾದರೂ ಕೇಳಿದರೆ ಅದರ ಕಾರುಗಳನ್ನು ನೋಡಿದ್ದೇನೆ ಎನ್ನಬಹುದು.

ಮಿಡತೆ ತಿಂದಿದ್ದನ್ನೆಲ್ಲ ವಾಂತಿ ಮಾಡಿದ. ಹೆದರಿಕೆಗೆ. ಬಚ್ಚಲಲ್ಲಿ ಅವನ ಪಕ್ಕ ಕೂತು ಬೆನ್ನು ನೀವಿದೆ.

"ಅಣ್ಣಾ, ನಿಮಗೆ ನನ್ನ ಮೇಲೆ ಕೋಪ ಇಲ್ವಾ? ಇದು ನಿಮ್ಮ ಜಾಗ ಆಗಿತ್ತು."

"ಇದೆ," ಅಂದೆ. "ಬಾಯಿ ತೊಳ್ಕೋ."

ಅವನಿಗೆ ನಗು ಬಂತು. ನಾನು ತಮಾಷೆ ಮಾಡಿರಲಿಲ್ಲ. ಕೋಪ ಇದ್ದೇ ಇದೆ. ಎಲ್ಲಿಟ್ಟಿದ್ದೇನೆ ಎಂದು ಆ ಹೊತ್ತಿಗೆ ನೆನಪಾಗಲಿಲ್ಲ.

ಅಕ್ಟೋಬರ್ 15

ಕಣದಲ್ಲಿ ಅಭ್ಯಾಸದ ದಿನ. ಪ್ಯಾರಲಲ್ ಬಾರ್ಸ್‌ನಲ್ಲಿ ಮಿಡತೆ ಇದುವರೆಗೆ ಮಾಡಿದ್ದರಲ್ಲೇ ಚೆನ್ನಾಗಿ ಮಾಡಿದ. ಅದಾಗಿ ಅರ್ಧ ಗಂಟೆಗೆ ಓಡಿಬಂದು ವಾಲ್ಟ್ ಮೇಜು ಹಾರಿ ಇಳಿಯುವಾಗ ಪಾದ ಮ್ಯಾಟಿನ ಅಂಚಿಗೆ ಸಿಕ್ಕಿ ಹೊರಳಿತು. ಸದ್ದು ನನಗೆ ಕೇಳಿಸಿತು.

ಫಿಸಿಯೋ ಮುಟ್ಟಿ ನೋಡಿ ತಲೆಯಾಡಿಸಿದಳು. ಮೂಳೆಗೆ ಏನಾಗಿದೆಯೋ, ಎಕ್ಸ್‌ರೇ ತೆಗೆಸಬೇಕು, ಆಡುವ ಮಾತೇ ಇಲ್ಲ ಅಂದಳು. ನಾನು ಅವಳ ಜೊತೆ ಜಗಳಕ್ಕೆ ನಿಂತೆ. ಬಿಗಿಯಾಗಿ ಪಟ್ಟಿ ಕಟ್ಟಿದರೆ ಆಗುವುದಿಲ್ಲವೇ? ಪ್ಯಾರಲಲ್ ಬಾರ್ಸ್ ಒಂದೇ ಆಡಲಿ, ಅದು ಕೈಯ ಆಟ, ಕಾಲಿಗೇನು ಕೆಲಸ?

"ಇಳಿಯೋದು ಯಾವುದರ ಮೇಲೆ? ತಲೆ ಮೇಲಾ?" ಅಂದಳು.

ಇಳಿತ ಸುಲಭದ್ದು ಮಾಡಿಸುತ್ತೇನೆ, ಒಂದೇ ಪಲ್ಟಿ ಸಾಕು, ನಾನು ಕೆಳಗೆ ನಿಂತು ಹಿಡಿಯುತ್ತೇನೆ ಎಂದೆಲ್ಲ ಹೇಳಿದೆ. ಕೋಚ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದೊಯ್ದರು.

"ಲೋ, ನಿನಗೆ ತಲೆ ನೆಟ್ಟಗಿದೆಯಾ? ಅವನಿಲ್ಲ ಅಂದ್ರೆ ಆಡೋದು ಯಾರು?"

"ಯಾರು?" ಅಂದೆ.

ಅವರು ನನ್ನನ್ನೇ ನೋಡಿದರು. ಆಗ ನೆನಪಾಯಿತು.

ನಾಡಿದ್ದು ಕೈ ಎತ್ತುತ್ತೇನೆ. ಹೆಂಡತಿಗೆ ಫೋನ್ ಮಾಡಿದೆ. ಅವಳು ಅತ್ತಳು. ಮಾವ ಫೋನ್ ಕಿತ್ತುಕೊಂಡು, "ಬಾರಲ್ಲಿ ಹುಷಾರು," ಅಂದರು. ಮೊದಲ ಸಲ ಅದರಲ್ಲಿ ಜೋಕು ಇರಲಿಲ್ಲ.

ಅಕ್ಟೋಬರ್ 17

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಪ್ಯಾರಲಲ್ ಬಾರ್ಸ್‌ಗೆ ನಾಲ್ವರು ಹತ್ತುತ್ತಾರೆ, ಹೆಚ್ಚು ಅಂಕದ ಮೂವರದು ತಂಡದ ಲೆಕ್ಕಕ್ಕೆ. ನನ್ನದು ಕೊನೆಯ ಸರದಿ. ಮಿಡತೆ ಊರುಗೋಲು ಹಿಡಿದು ಕಣದ ಅಂಚಿನ ಬೆಂಚಿಗೆ ಬಂದಿದ್ದ. "ಅಣ್ಣಾ, ನಾನು ಕುಂಟ್ಕೊಂಡೇ ಬಂದು ಹಚ್ಚಿಕೊಡ್ತೀನಿ," ಅಂದ. ಬೇಡ ಅಂದೆ. ಇಷ್ಟು ವರ್ಷ ಕಾದ ಬಾರು, ಇನ್ನೊಬ್ಬರ ಕೈಗೆ ಕೊಡುತ್ತೇನೆಯೇ? ನಾನೇ ಅಂತರ ಇಟ್ಟೆ, ನೀರು, ಜೇನು, ಪುಡಿ ಹಚ್ಚಿದೆ. ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡಿದವು. ಇಷ್ಟು ನೆಮ್ಮದಿಯಾಗಿ ಬಾರ್ ಸಿದ್ಧ ಮಾಡಿದ್ದೇ ಇಲ್ಲ ಅನ್ನಿಸಿತು.

ಹಸಿರು ದೀಪ ಬಂತು. ಕೈ ಎತ್ತಿದೆ. ಮುಖ್ಯ ತೀರ್ಪುಗಾರ್ತಿ, ಕನ್ನಡಕದ ಹೆಂಗಸು, ನನ್ನನ್ನು ನೋಡಿ ತಲೆಯಾಡಿಸಿದಳು. ಅಷ್ಟೇ ಅದು. 

ಹಾರಿ ಕೋಲು ಹಿಡಿದೆ. ಮೊದಲ ತೂಗಿನಲ್ಲೇ ಭುಜ ಒತ್ತಿಕೊಂಡವು. ಪಕ್ಕೆಲುಬಿಗೆ ಯಾರೋ ಎರಡೂ ಕಡೆಯಿಂದ ಮೊಣಕೈ ಹಾಕಿದ ಹಾಗೆ. ಕೋಲು ಕೆಟ್ಟಿದೆಯೆಂದುಕೊಂಡೆ. ಮುಂದಕ್ಕೆ ತೂಗಿ ಕೈಮೇಲೆ ನಿಂತಾಗ, ತಲೆಕೆಳಗಾಗಿ, ನಾನು ಅಂತರ ಇಟ್ಟದ್ದು ಕಣ್ಣ ಮುಂದೆ ಬಂತು. ಮೊಣಕೈ ಒತ್ತಿದ್ದು, ಕೈ ಚಾಚಿದ್ದು, ನಡುಬೆರಳು ಮಡಚಿದ್ದು, ಮೊದಲ ಗೆಣ್ಣು ಕೋಲಿಗೆ ತಾಗಿದ್ದು.

ಶುರು ಮಾಡಿದ ಮೇಲೆ ನಿಲ್ಲಿಸುವ ಹಾಗಿಲ್ಲ. ಮಾಡಿದೆ. ತೋಳಿನ ಒಳಗಿನ ಚರ್ಮ ಎರಡೂ ಕಡೆ ಸುಲಿದುಹೋಯಿತು. ದೊಡ್ಡ ತೂಗನ್ನು ಅರ್ಧಕ್ಕೆ ಮೊಟಕು ಮಾಡಿದೆ, ಒಂದು ತಿರುವು ಬಿಟ್ಟೇಬಿಟ್ಟೆ. ಬೀಳಲಿಲ್ಲ. ಇಳಿತಕ್ಕೆ ಕೋಲು ಬಿಟ್ಟಾಗ ಅಳು ಬರುತ್ತಿತ್ತು, ನೆಲ ಬೇಗ ಬರಲಿ ಎಂದು ಹುಡುಕಿದೆ. ಎರಡು ಹೆಜ್ಜೆ ಹಿಂದೆ ಬಿತ್ತು. ಮತ್ತೆ ಕೈ ಎತ್ತಿದೆ, ಮುಗಿಯಿತು ಎನ್ನುವುದಕ್ಕೂ ಎತ್ತಬೇಕು.

ನಾಲ್ವರಲ್ಲಿ ನನ್ನದೇ ಕಡಿಮೆ. ನನ್ನ ಅಂಕ ಲೆಕ್ಕಕ್ಕಿಲ್ಲ. ತಂಡಕ್ಕೆ ನನ್ನಿಂದ ನಷ್ಟವೂ ಇಲ್ಲ, ಲಾಭವೂ ಇಲ್ಲ. ಆದರೆ ಹೆಸರು ಫಲಿತಾಂಶದಲ್ಲಿದೆ, ಪಕ್ಕದ ಅಂಕದ ಮೇಲೊಂದು ಅಡ್ಡಗೆರೆಯ ಜೊತೆಗೆ.

ಕೋಚ್ ಕೋಲಿನ ಹತ್ತಿರ ಹೋಗಿ ಅಂತರ ನೋಡಿ ಬಂದರು.

"ಯಾರು ಇಟ್ಟಿದ್ದು?"

"ನಾನೇ."

"ಇದು ಮಿಡತೆಯ ಅಳತೆ."

"ಹೌದು."

ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಪಕ್ಕ ಕೂತು, ಬಿರಿದ ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಬಹಳ ಮೆಲ್ಲಗೆ ಕೇಳಿದರು: "ಆಡೋದು ಬಿಡೋ ವರ್ಷ ನನಗೂ ಹೀಗೇ ಆಗಿತ್ತು ಕಣೋ. ನಿನಗೆ ಯಾವಾಗಿಂದ?"

ಏನು ಕೇಳುತ್ತಿದ್ದಾರೆಂದು ತಿಳಿಯಲಿಲ್ಲ. ಸುಸ್ತು, ನಿದ್ದೆ ಸರಿಯಾಗಿರಲಿಲ್ಲ ಎಂದೆ.

ಮಿಡತೆ ಊರುಗೋಲು ಕುಟ್ಟುತ್ತ ಬಂದ. ಕಣ್ಣು ಕೆಂಪಾಗಿತ್ತು. "ಅಣ್ಣಾ," ಅಂದ. ಸುಲಿದ ನನ್ನ ತೋಳು ನೋಡುತ್ತ ನಿಂತಿದ್ದವನು ಆಮೇಲೆ, "ಇಳಿತದಲ್ಲಿ ನೆಲ ಬೇಗ ನೋಡಿದ್ರಿ," ಅಂದ.

ನೋಡಿದ್ದು ನಿಜ. ಅವನ ಕಣ್ಣು ಸೂಕ್ಷ್ಮವಾಗಿದೆ. ಸಂತೋಷವಾಯಿತು.

ಅಕ್ಟೋಬರ್ 20

ಮನೆ. ಹೆಂಡತಿ ತೋಳಿಗೆ ಮುಲಾಮು ಹಚ್ಚಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ, ಗೆಣ್ಣಿನ ವಿಷಯವನ್ನೂ. ನಗಲೂ ಇಲ್ಲ, ಅಯ್ಯೋ ಎನ್ನಲೂ ಇಲ್ಲ. "ಬೇಜಾರಾಯ್ತಾ?" ಎಂದಷ್ಟೇ ಕೇಳಿದಳು.

"ತುಂಬಾ," ಅಂದೆ. ನಿಜವಾಗಿಯೂ ತುಂಬಾ ಆಯಿತು. ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಇಷ್ಟು ವರ್ಷ ಕಾದು, ಕೊನೆಗೆ ನನ್ನ ಕೈಯಾರೆ ನಾನೇ ಕೆಡಿಸಿಕೊಂಡೆ.

ಅತ್ತು ಮುಗಿದ ಮೇಲೆ ಮಿಡತೆಯ ಕಾಲಿಗೆ ಹಾಕಿದ ಆರು ವಾರದ ಪ್ಲಾಸ್ಟರ್ ಬಗ್ಗೆ ಹೇಳಿದೆ. ಅಷ್ಟು ದಿನ ಸುಮ್ಮನೆ ಕೂರಿಸಿದರೆ ಅವನ ಹೊಟ್ಟೆಯ ಸ್ನಾಯು ಸಡಿಲವಾಗುತ್ತದೆ. ಕೂತಲ್ಲೇ ಮಾಡುವಂಥದ್ದು ಏನಾದರೂ ಯೋಚಿಸಬೇಕು.

"ಯೋಚಿಸಿ," ಅಂದಳು.

ಅಕ್ಟೋಬರ್ 23

ಕೋಚ್ ಕರೆದು, ಮುಂದಿನ ತಿಂಗಳಿನಿಂದ ತಮ್ಮ ಜೊತೆ ಸಹಾಯಕ ಕೋಚ್ ಆಗಿ ಇರುತ್ತೀಯಾ ಎಂದು ಕೇಳಿದರು. ಖಡಾಖಂಡಿತವಾಗಿ ಆಗುವುದಿಲ್ಲ ಅಂದೆ. ನಾನಿನ್ನೂ ಆಟಗಾರ. ಒಂದು ತಪ್ಪು ಮಾಡಿದ ಮಾತ್ರಕ್ಕೆ ಮೂಲೆಗೆ ತಳ್ಳಬೇಡಿ ಅಂದೆ. "ಆಯ್ತಪ್ಪಾ ಆಯ್ತು, ಎಗರಾಡ್ಬೇಡ," ಅಂದರು.

ಅಕ್ಟೋಬರ್ 28

ತೋಳು ವಾಸಿಯಾಗಿದೆ. ಇವತ್ತು ನನ್ನ ಅಭ್ಯಾಸ ಮತ್ತೆ ಶುರು ಮಾಡಿದೆ. ಇನ್ನು ಮೇಲೆ ಅಂಥ ಎಡವಟ್ಟು ಆಗಬಾರದೆಂದು ಬಹಳ ಎಚ್ಚರಿಕೆಯಿಂದ ಅಂತರ ಇಟ್ಟೆ. ಮೊಣಕೈ ಒತ್ತಿ, ಕೈ ಚಾಚಿ, ನಡುಬೆರಳಿನ ತುದಿ. ಎರಡು ಸಲ ನೋಡಿದೆ.

ಮಿಡತೆ ಪ್ಲಾಸ್ಟರ್ ಕಾಲನ್ನು ಬೆಂಚಿನ ಮೇಲೆ ಚಾಚಿಕೊಂಡು ನಾನು ಹೇಳಿದ ಹೊಟ್ಟೆಯ ವ್ಯಾಯಾಮ ಮಾಡುತ್ತಿದ್ದ. "ಅದು ಯಾರ ಅಳತೆ ಅಣ್ಣಾ?" ಎಂದು ಕೂಗಿದ.

"ನಂದು ಕಣೋ."

ಹತ್ತಿ ಒಂದೆರಡು ತೂಗು ತೂಗಿದೆ. ಅಗಲ ಅನ್ನಿಸಿತು. ಭುಜ ಎರಡೂ ಕಡೆಗೆ ಹರಡಿಕೊಂಡು ಹೋಗುತ್ತಿದ್ದವು, ಹಿಡಿತಕ್ಕೆ ಸಿಗಲಿಲ್ಲ. ಇಳಿದು ಮತ್ತೆ ಅಳೆದೆ. ಸರಿಯಾಗಿಯೇ ಇತ್ತು. ಮತ್ತೆ ಹತ್ತಿದೆ. ಮತ್ತೆ ಅಗಲ. ಈ ಜಿಮ್ಮಿನ ಬಾರು ಹಳೆಯದು, ಸ್ಕ್ರೂ ಸಡಿಲವಾಗಿರಬೇಕು.

ಹೋಗುವಾಗ ಕೋಲನ್ನು ಒಂದು ಗೆಣ್ಣು ಹತ್ತಿರ ಸರಿಸಿ ಬಿಟ್ಟುಬಂದೆ. ಅವನ ಪ್ಲಾಸ್ಟರ್ ತೆಗೆಯುವುದು ಬರುವ ತಿಂಗಳು. ದಾರಿಯಲ್ಲಿ ಜೇನು ತಂದೆ, ಎರಡು ಬಾಟ್ಲಿ.